ಬೇಲಿ ಹಾಕಿದ ಮೇಲೆ ಮಾಯವಾದ ಚಿಟ್ಟೆ: ಒಂದು ಪ್ರಕರಣ ಅಧ್ಯಯನ

ಕುರಿ ಮೇಯುತ್ತಿದ್ದ ಒಂದು ಗುಡ್ಡ. ಅಲ್ಲೊಂದು ಅಪರೂಪದ ಚಿಟ್ಟೆ. ಅದನ್ನು ಉಳಿಸಬೇಕು ಎಂದು ಗುಡ್ಡದ ಸುತ್ತ ಬೇಲಿ ಹಾಕಿದರು. ಕೆಲವು ವರ್ಷಗಳಲ್ಲಿ ಚಿಟ್ಟೆಯೇ ಹೋಯಿತು. ಬೇರೆ ಕಡೆ, ಯಾರೂ ಕಾಯದೆ ಬಿಟ್ಟಿದ್ದ ಗುಡ್ಡಗಳಲ್ಲಿ, ಕುರಿಗಳ ಕಾಲಡಿಯಲ್ಲೇ ಅದು ಹಾರಾಡಿಕೊಂಡಿತ್ತು.

ನಡೆದದ್ದು ಇಂಗ್ಲೆಂಡಿನಲ್ಲಿ. ಚಿಟ್ಟೆಯ ಹೆಸರು ಲಾರ್ಜ್ ಬ್ಲೂ. ನಾವು ದೊಡ್ಡ ನೀಲಿ ಎನ್ನೋಣ. ವಿಜ್ಞಾನಿಗಳು ಮೊದಲು ಮ್ಯಾಕುಲಿನಿಯ ಏರಿಯಾನ್ ಎನ್ನುತ್ತಿದ್ದರು, ಈಗ ಫೆಂಗಾರಿಸ್ ಏರಿಯಾನ್ ಎನ್ನುತ್ತಾರೆ. ಈ ಬರಹದಲ್ಲಿ ವ್ಯಕ್ತಿಗಳ ಹೆಸರು ಬಿಟ್ಟಿದ್ದೇನೆ. ಜಮೀನಿನ ಮಾಲೀಕರು, ಸಂಶೋಧಕರು, ಸಂಗ್ರಾಹಕರು, ಯಾರ ಹೆಸರೂ ಇಲ್ಲಿ ಮುಖ್ಯವಲ್ಲ. ಕಥೆಯ ಅತಿ ಮುಖ್ಯ ಜಾಗದ ಹೆಸರನ್ನಂತೂ ನಾನು ಮುಚ್ಚಿಡಬೇಕಾಗಿಯೇ ಇಲ್ಲ. ಅದನ್ನು ಅಲ್ಲಿನವರೇ ಗುಟ್ಟಾಗಿಟ್ಟು, ದಾಖಲೆಗಳಲ್ಲಿ 'ಸೈಟ್ ಎಕ್ಸ್' ಎಂದು ಬರೆದುಕೊಂಡರು.

ಹಿನ್ನೆಲೆ

ದೊಡ್ಡ ನೀಲಿ ಹೆಸರಿಗಷ್ಟೇ ದೊಡ್ಡದು. ರೆಕ್ಕೆ ಬಿಚ್ಚಿದರೆ ನಾಲ್ಕೈದು ಸೆಂಟಿಮೀಟರ್. ಆದರೆ ಬ್ರಿಟನ್ನಿನ ನೀಲಿ ಚಿಟ್ಟೆಗಳಲ್ಲಿ ಇದೇ ದೊಡ್ಡದು. ಮುಂದಿನ ರೆಕ್ಕೆಯ ನೀಲಿಯ ಮೇಲೆ ಕಾಡಿಗೆ ಇಟ್ಟಂತೆ ಕಪ್ಪು ಚುಕ್ಕೆಗಳು. 1795ರಲ್ಲಿ ಅಲ್ಲಿನ ದಾಖಲೆಗೆ ಮೊದಲು ಸೇರಿದಾಗಲೇ ಅದು ಅಪರೂಪ ಎನಿಸಿಕೊಂಡಿತ್ತು. ಕಾಟ್ಸ್‌ವೋಲ್ಡ್ ಗುಡ್ಡಗಳು, ಸಾಮರ್‌ಸೆಟ್, ಡೆವನ್ ಮತ್ತು ಕಾರ್ನ್‌ವಾಲ್‌ನ ಕಡಲಂಚು, ಡಾರ್ಟ್‌ಮೂರ್ ಬದಿ, ಹೀಗೆ ಅಲ್ಲಲ್ಲಿ ತುಂಡು ತುಂಡು ನೆಲೆಗಳು.

ಇದರ ಬದುಕನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮುಂದಿನ ಎಡವಟ್ಟುಗಳೆಲ್ಲ ಇದರೊಳಗೇ ಇವೆ.

ಜೂನ್ ಮಧ್ಯದಿಂದ ಜುಲೈವರೆಗೆ ಚಿಟ್ಟೆ ಹಾರುತ್ತದೆ. ಹೆಣ್ಣು ಥೈಮ್ ಗಿಡದ ಮೊಗ್ಗಿನ ಮೇಲೆ ಮೊಟ್ಟೆ ಇಡುತ್ತದೆ. ಥೈಮ್ ಎಂದರೆ ನೆಲಕ್ಕಂಟಿ ಹಬ್ಬುವ ಪುಟ್ಟ ಗಿಡ. ಎಲೆ ತಿಕ್ಕಿದರೆ ನಮ್ಮ ಓಂಕಾಳಿನ ನೆನಪಾಗುತ್ತದೆ, ಯಾಕೆಂದರೆ ಎರಡರಲ್ಲೂ ಇರುವುದು ಥೈಮಾಲ್ ಎಂಬ ಒಂದೇ ಎಣ್ಣೆಯಂಶ. ಮರಿಹುಳು ಎರಡು ಮೂರು ವಾರ ಆ ಹೂವನ್ನು ತಿನ್ನುತ್ತದೆ. ಆಮೇಲೆ ಒಂದು ಸಂಜೆ ಗಿಡದಿಂದ ಸುಮ್ನೆ ಕೆಳಗೆ ಬೀಳುತ್ತದೆ. ಬಿದ್ದು ಕಾಯುತ್ತದೆ.

ಕಾಯುವುದು ಇರುವೆಗೆ. ಮಿರ್ಮಿಕ ಎಂಬ ಕುಲದ ಕೆಂಪಿರುವೆ ಅದನ್ನು ಕಂಡು, ಅದರ ಮೈಯಿಂದ ಒಸರುವ ಸಿಹಿಯನ್ನು ನೆಕ್ಕುತ್ತದೆ. ಸ್ವಲ್ಪ ಹೊತ್ತಿಗೆ ಮರಿಹುಳು ಮೈ ಸೆಟೆದು ಎದ್ದು ನಿಲ್ಲುತ್ತದೆ. ಅದರ ವಾಸನೆಯೂ ಇರುವೆ ಮರಿಯ ವಾಸನೆಯಂತೆಯೇ. ನಮ್ಮ ಗೂಡಿನ ಮರಿ ಹೊರಗೆ ಬಿದ್ದಿದೆ ಎಂದುಕೊಂಡ ಇರುವೆ ಅದನ್ನು ಕಚ್ಚಿ ಹಿಡಿದು ಗೂಡಿಗೆ ಒಯ್ಯುತ್ತದೆ. ಕಾಗೆ ಗೂಡಿನಲ್ಲಿ ಕೋಗಿಲೆ ಮರಿ ಇದ್ದ ಹಾಗೆ. ಆದರೆ ಈ ಅತಿಥಿ ಇನ್ನೂ ಕ್ರೂರಿ. ಸುಮಾರು ಹತ್ತು ತಿಂಗಳು ಕತ್ತಲಲ್ಲಿ ಕುಳಿತು ಇರುವೆ ಮರಿಗಳನ್ನೇ ತಿನ್ನುತ್ತದೆ. ಒಂದು ಹುಳು ಚಿಟ್ಟೆಯಾಗಲು ಸುಮಾರು 230 ಇರುವೆ ಮರಿ ಬೇಕು ಎಂಬ ಲೆಕ್ಕವಿದೆ. ಪೂರ್ತಿ ಬೆಳೆದ ಹುಳುವಿನ ತೂಕದಲ್ಲಿ ನೂರಕ್ಕೆ 98ರಷ್ಟು ಬಂದಿರುವುದು ಈ ಗೂಡಿನ ಊಟದಿಂದ. ಮುಂದಿನ ಬೇಸಿಗೆಯಲ್ಲಿ ಕೋಶ ಒಡೆದು, ಮುದುರಿದ ರೆಕ್ಕೆಯ ಚಿಟ್ಟೆ ಇರುವೆ ದಾರಿಯಲ್ಲೇ ತೆವಳಿ ಮೇಲೆ ಬರುತ್ತದೆ.

ಹುಳು ಇರುವೆ ಗೂಡಿಗೆ ಹೋಗುತ್ತದೆ ಎಂಬುದು ಗೊತ್ತಾದದ್ದು ಮೊದಲ ಮಹಾಯುದ್ಧದ ಹೊತ್ತಿಗೆ. ಒಬ್ಬ ಕ್ಯಾಪ್ಟನ್ ಮಹಾಶಯರು ಅಕ್ರೋಟು ಚಿಪ್ಪಿನ ಕೆಳಗೆ ಇರುವೆ ಮತ್ತು ಹುಳುವನ್ನು ಒಟ್ಟಿಗೆ ಸಾಕಿ ನೋಡಿದ್ದರು. ಅಂದರೆ ಇರುವೆಯ ವಿಷಯ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಗೊತ್ತಿತ್ತು. ಅರ್ಧ ಗೊತ್ತಿತ್ತು.

ಸಮಸ್ಯೆ, ಮತ್ತು ಸುಲಭವಾಗಿ ಸಿಕ್ಕ ಅಪರಾಧಿ

ಹತ್ತೊಂಬತ್ತನೇ ಶತಮಾನದಿಂದಲೇ ನೆಲೆಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಅದೇ ಕಾಲದಲ್ಲಿ ಚಿಟ್ಟೆ ಹಿಡಿದು, ಸೂಜಿ ಚುಚ್ಚಿ, ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸುವ ಹವ್ಯಾಸ ಅಲ್ಲಿ ಜೋರಾಗಿತ್ತು. ಅಪರೂಪವಾದಷ್ಟೂ ಬೆಲೆ ಜಾಸ್ತಿ. ದೊಡ್ಡ ನೀಲಿಯನ್ನು ಡಜನ್‌ಗಟ್ಟಲೆ ಹಿಡಿದವರಿದ್ದರು. ಬಲೆ ಹಿಡಿದ ಮನುಷ್ಯ ಕಣ್ಣಿಗೆ ಕಾಣುತ್ತಾನೆ. ಅವನ ಮೇಲೆ ಸಿಟ್ಟು ಬರುವುದೂ ಸುಲಭ. ಹಾಗಾಗಿ ತೀರ್ಪು ಬೇಗ ಬಂತು: ಸಂಗ್ರಾಹಕರಿಂದಲೇ ಚಿಟ್ಟೆ ಅಳಿಯುತ್ತಿದೆ.

ಈ ತೀರ್ಪಿಗೆ ತಕ್ಕ ಪರಿಹಾರ ಎಂದರೆ ಬೇಲಿ. ಇಪ್ಪತ್ತನೇ ಶತಮಾನದಲ್ಲಿ ಕೆಲವು ನೆಲೆಗಳನ್ನು ಮೀಸಲು ಮಾಡಿ, ಒಳಗೆ ಯಾರೂ ಬರದಂತೆ ನೋಡಿಕೊಂಡರು. ಸಂಗ್ರಾಹಕರು ಹೊರಗುಳಿದರು. ಜೊತೆಗೆ ಕುರಿ, ದನ, ಕುದುರೆಗಳೂ ಹೊರಗುಳಿದವು. ಹಳೆಯ ಪದ್ಧತಿಯಲ್ಲಿ ಆಗಾಗ ಪೊದೆಗೆ ಹಚ್ಚುತ್ತಿದ್ದ ಬೆಂಕಿಯೂ ನಿಂತಿತು. ಹೂವು ತಿನ್ನುವ, ತುಳಿಯುವ ಪ್ರಾಣಿಗಳು ಇಲ್ಲವೆಂದರೆ ಚಿಟ್ಟೆಗೆ ಒಳ್ಳೆಯದೇ ಅಲ್ವಾ? ಯಾರಿಗಾದರೂ ಹಾಗೇ ಅನಿಸುತ್ತದೆ. ನನಗೂ ಅನಿಸುತ್ತಿತ್ತು.

ಈ ಪ್ರಕರಣದ ಮೊದಲ ತಿರುವು ಇಲ್ಲಿದೆ. ಆಗ ಅದು ತಿರುವು ಎಂದು ಯಾರಿಗೂ ಗೊತ್ತಾಗಲಿಲ್ಲ. ಬೇಲಿಯೊಳಗೆ ಚಿಟ್ಟೆ ಕಡಿಮೆಯಾದಾಗ, 'ಇನ್ನೂ ಗಟ್ಟಿ ಬೇಲಿ ಬೇಕು' ಎಂದೇ ಎಲ್ಲರೂ ಓದಿಕೊಂಡರು. ಔಷಧಿಯಿಂದ ಕಾಯಿಲೆ ಜಾಸ್ತಿಯಾದರೆ ಔಷಧಿಯ ಪ್ರಮಾಣ ಹೆಚ್ಚಿಸಿದಂತೆ.

ಅಷ್ಟರಲ್ಲಿ 1953ರಲ್ಲಿ ಇನ್ನೊಂದು ಏಟು ಬಿತ್ತು. ಮಿಕ್ಸೊಮಟೋಸಿಸ್ ಎಂಬ ಮೊಲಗಳ ಕಾಯಿಲೆ ಬ್ರಿಟನ್ನಿಗೆ ಬಂತು. ಎರಡು ಮೂರು ವರ್ಷಗಳಲ್ಲಿ ಕಾಡುಮೊಲಗಳು ಹೆಚ್ಚುಕಡಿಮೆ ನಿರ್ನಾಮವಾದವು. ರೈತರಿಗೆ ಖುಷಿಯೇ ಆಗಿರಬೇಕು, ಬೆಳೆ ಉಳಿಯಿತು. ಇನ್ನೊಂದು ಕಡೆ, ಕಡಿದಾದ ಬಡ ಗುಡ್ಡಗಳಲ್ಲಿ ಕುರಿ ಮೇಯಿಸಿದರೆ ಲಾಭವಿಲ್ಲ ಎಂದು ಮಾಲೀಕರು ಅದನ್ನು ಬಿಡುತ್ತಾ ಬಂದಿದ್ದರು. ಮೊಲವೂ ಇಲ್ಲ, ಕುರಿಯೂ ಇಲ್ಲ. ಹುಲ್ಲು ಎದ್ದಿತು. ದೊಡ್ಡ ನೀಲಿ ಸರಸರನೆ ಇಳಿಯಿತು. 1960ರ ದಶಕದಲ್ಲಿ ಸಂರಕ್ಷಣಾ ಸಮಿತಿ ಆಯಿತು, ಸಭೆಗಳಾದವು. 1970ರ ದಶಕದ ಆರಂಭದಲ್ಲಿ ಉಳಿದದ್ದು ಎರಡು ನೆಲೆ, ಆಮೇಲೆ ಒಂದೇ. ಡಾರ್ಟ್‌ಮೂರ್ ಅಂಚಿನ ಸೈಟ್ ಎಕ್ಸ್.

ಒಬ್ಬ ಯುವಕ, ಒಂದು ಗುಡ್ಡ

1972ರಲ್ಲಿ ಒಬ್ಬ ಯುವ ಸಂಶೋಧಕನನ್ನು ಈ ಕೆಲಸಕ್ಕೆ ಹಾಕಿದರು. ಆತ ಮಾಡಿದ ಕೆಲಸ ಕೇಳಲು ತುಂಬಾ ಸಪ್ಪೆ. ಬೇಸಿಗೆ ಬೇಸಿಗೆಯೂ ಗುಡ್ಡದಲ್ಲೇ ಕಳೆದು, ಸಿಕ್ಕಿದ್ದನ್ನೆಲ್ಲ ಎಣಿಸಿದ. ಎಷ್ಟು ಚಿಟ್ಟೆ, ಎಷ್ಟು ಮೊಟ್ಟೆ, ಯಾವ ಮೊಗ್ಗಿನ ಮೇಲೆ, ಅದರಲ್ಲಿ ಎಷ್ಟು ಒಡೆದವು, ಎಷ್ಟು ಹುಳು ಕೆಳಗೆ ಬಿದ್ದವು, ಯಾವ ಇರುವೆ ಒಯ್ದಿತು, ಮುಂದಿನ ವರ್ಷ ಎಷ್ಟು ಮೇಲೆ ಬಂದವು. ಒಂದು ಜೀವದ ಪೂರ್ತಿ ಜಮಾಖರ್ಚು.

ಈ ನಿರ್ಧಾರವನ್ನು ನಾನು ಎಲ್ಲಕ್ಕಿಂತ ದೊಡ್ಡದು ಎಂದುಕೊಳ್ಳುತ್ತೇನೆ. ಚಿಟ್ಟೆ ಸಾಯುತ್ತಿದೆ, ಏನಾದರೂ ಮಾಡಿ ಎಂಬ ಒತ್ತಡ ಇದ್ದೇ ಇರುತ್ತದೆ. ಅಂಥ ಹೊತ್ತಿನಲ್ಲಿ 'ಮೊದಲು ಎಣಿಸುತ್ತೇನೆ' ಎಂದು ಕುಳಿತುಕೊಳ್ಳಲು ಎದೆ ಬೇಕು.

ಲೆಕ್ಕ ಹೇಳಿದ್ದು ಇಷ್ಟು. ಮೊಟ್ಟೆಗೆ ಕೊರತೆಯಿಲ್ಲ. ಥೈಮ್ ಇದೆ. ಹಕ್ಕಿ, ಜೇಡ, ಕಣಜಗಳಿಂದ ಆಗುವ ನಷ್ಟ ವರ್ಷದಿಂದ ವರ್ಷಕ್ಕೆ ಅಷ್ಟೇನೂ ಬದಲಾಗುತ್ತಿಲ್ಲ. ಎಲ್ಲ ತೀರ್ಮಾನವಾಗುವುದು ನೆಲದಡಿಯಲ್ಲಿ, ಇರುವೆ ಗೂಡಿನ ಹತ್ತು ತಿಂಗಳಲ್ಲಿ.

ಎರಡನೇ ತಿರುವು ಅದೇ ಗೂಡಿನಲ್ಲಿತ್ತು. ಮಿರ್ಮಿಕ ಎಂದರೆ ಒಂದೇ ಇರುವೆಯಲ್ಲ, ಅಲ್ಲಿ ಹಲವು ಜಾತಿಗಳಿವೆ. ಬರಿಗಣ್ಣಿಗೆ ಎಲ್ಲವೂ ಕೆಂಪಿರುವೆಯೇ. ಯಾವ ಜಾತಿಯ ಇರುವೆಯಾದರೂ ದೊಡ್ಡ ನೀಲಿಯ ಹುಳುವನ್ನು ಎತ್ತಿಕೊಂಡು ಹೋಗುತ್ತದೆ. ಆದ್ದರಿಂದಲೇ ಅರವತ್ತು ವರ್ಷ ಜನ 'ಕೆಂಪಿರುವೆ ಇದ್ದರೆ ಸಾಕು' ಎಂದು ನಂಬಿದ್ದರು. ಒಯ್ಯುವುದನ್ನು ನೋಡಿದ್ದರು, ಆಮೇಲೆ ಒಳಗೇನಾಗುತ್ತದೆ ಎಂದು ಎಣಿಸಿರಲಿಲ್ಲ. ಎಣಿಸಿದಾಗ ಗೊತ್ತಾಯಿತು: ಮಿರ್ಮಿಕ ಸಬುಲೆಟಿ ಎಂಬ ಒಂದೇ ಜಾತಿಯ ಗೂಡಿನಲ್ಲಿ ಹುಳು ಚೆನ್ನಾಗಿ ಬದುಕುತ್ತದೆ. ಉಳಿದ ಜಾತಿಗಳ ಗೂಡಿನಲ್ಲಿ ಬದುಕುವ ಸಾಧ್ಯತೆ ಅದರ ಐದನೇ ಒಂದು ಭಾಗದಷ್ಟು. ಅಷ್ಟರಲ್ಲಿ ಸಂತತಿ ಮುಂದುವರಿಯುವುದಿಲ್ಲ.

ಈ ಸಬುಲೆಟಿ ಇರುವೆ ಸೆಕೆಯ ಜೀವಿ. ಇಂಗ್ಲೆಂಡಿನ ಚಳಿಯಲ್ಲಿ ಅದಕ್ಕೆ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬೇಕು, ಬಿಸಿಲು ನೇರ ಮಣ್ಣಿಗೆ ಬೀಳಬೇಕು. ಹುಲ್ಲು ಎರಡು ಮೂರು ಸೆಂಟಿಮೀಟರ್ ಮೀರಬಾರದು. ನಮ್ಮ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು! ಹುಲ್ಲು ಅದಕ್ಕಿಂತ ಎದ್ದರೆ ನೆರಳಾಗಿ ಮಣ್ಣು ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ. ಸಬುಲೆಟಿ ಜಾಗ ಖಾಲಿ ಮಾಡುತ್ತದೆ. ಅದರ ನೆಂಟ, ತಂಪು ತಡೆಯುವ ಮಿರ್ಮಿಕ ಸ್ಕೇಬ್ರಿನೋಡಿಸ್ ಬಂದು ಕೂರುತ್ತದೆ.

ಈಗ ಬೇಲಿಯೊಳಗಿನ ಚಿತ್ರ ಮತ್ತೆ ನೋಡಿ. ಥೈಮ್ ಇದೆ, ಯಾಕೆಂದರೆ ಹುಲ್ಲು ಎದ್ದ ಮೇಲೂ ಹಳದಿ ಇರುವೆಗಳ ಮಣ್ಣುದಿಬ್ಬಗಳ ಮೇಲೆ ಅದು ಉಳಿದುಕೊಳ್ಳುತ್ತದೆ. ಕೆಂಪಿರುವೆಯೂ ಇದೆ. ಹೂವು ತುಂಬಿ ನೋಡಲು ಚೆಂದವೂ ಇದೆ. ತಪಾಸಣೆಗೆ ಬಂದವರು 'ಎಲ್ಲ ಸರಿಯಿದೆ' ಎಂದು ಬರೆದು ಹೋಗಬಹುದು. ಹುಳುವನ್ನು ಒಯ್ಯುವ ಇರುವೆ ಮಾತ್ರ ತಪ್ಪು ಇರುವೆ. ಇನ್ನೊಂದು ವಿಷಯ, ಇರುವೆ ಗೂಡಿನಿಂದ ಹೆಚ್ಚು ದೂರ ಹೋಗುವುದಿಲ್ಲ, ಎರಡು ಮೀಟರ್ ಸುತ್ತಮುತ್ತ ಅಷ್ಟೇ. ಗುಡ್ಡದ ತುಂಬ ಥೈಮ್ ಇದ್ದರೂ ಆ ಎರಡು ಮೀಟರಿನೊಳಗೆ ಸರಿಯಾದ ಗೂಡು ಇಲ್ಲದಿದ್ದರೆ, ಅಲ್ಲಿಟ್ಟ ಮೊಟ್ಟೆಗಳೆಲ್ಲ ವ್ಯರ್ಥ.

ಗೊತ್ತಾಯಿತು, ಆದರೆ ತಡವಾಗಿ

ಸೈಟ್ ಎಕ್ಸ್‌ನಲ್ಲಿ ಪೊದೆ ಸವರಿದರು, ಸುಟ್ಟರು, ಜಾನುವಾರು ಬಿಟ್ಟರು. ಹುಲ್ಲು ಇಳಿಯಿತು, ಸಬುಲೆಟಿ ಏರತೊಡಗಿತು. ಆದರೆ ಇರುವೆ ಏರಲು ವರ್ಷಗಳು ಬೇಕು. ಚಿಟ್ಟೆಗಳು ಆಗಲೇ ತೀರಾ ಕಡಿಮೆಯಾಗಿದ್ದವು. 1976ರಲ್ಲಿ ಇಂಗ್ಲೆಂಡಿಗೆ ಭಾರಿ ಬರ ಬಂತು. ಥೈಮ್ ಒಣಗಿತು, ಇರುವೆಗಳೂ ಕುಗ್ಗಿದವು. ಗುಂಪು ದೊಡ್ಡದಿದ್ದರೆ ಒಂದು ಬರವನ್ನು ದಾಟಬಹುದು. ಬೆರಳೆಣಿಕೆಯಷ್ಟೇ ಉಳಿದಾಗ ಯಾವ ಆಕಸ್ಮಿಕವನ್ನೂ ತಡೆಯಲಾಗುವುದಿಲ್ಲ. 1979ರಲ್ಲಿ ದೊಡ್ಡ ನೀಲಿ ಬ್ರಿಟನ್ನಿನಿಂದ ಅಳಿದಿದೆ ಎಂದು ಘೋಷಿಸಿದರು.

ಕಾರಣ ಸಿಕ್ಕ ಕೆಲವೇ ವರ್ಷಗಳಲ್ಲಿ ಚಿಟ್ಟೆ ಹೋಯಿತು. ಅಷ್ಟು ವರ್ಷ ಎಣಿಸಿದವನಿಗೆ ಹೇಗಾಗಿರಬೇಡ.

ಇಲ್ಲಿ ಮೂರನೇ ತಿರುವು. ಚಿಟ್ಟೆ ಇಲ್ಲದ ಮೇಲೆ ಗುಡ್ಡ ಮೇಯಿಸುವುದನ್ನು ನಿಲ್ಲಿಸಬಹುದಿತ್ತು. ಹಣ ಉಳಿಯುತ್ತಿತ್ತು, ಯಾರೂ ಬೈಯುತ್ತಲೂ ಇರಲಿಲ್ಲ. ಅವರು ನಿಲ್ಲಿಸಲಿಲ್ಲ. ಇಲ್ಲದ ಚಿಟ್ಟೆಗಾಗಿ ಹುಲ್ಲು ಮೇಯಿಸುತ್ತಲೇ ಹೋದರು. ನಾಲ್ಕು ವರ್ಷ ಕಳೆದು 1983ರಲ್ಲಿ ಸ್ವೀಡನ್ನಿನ ಓಲಂಡ್ ದ್ವೀಪದಿಂದ ಮರಿಹುಳುಗಳನ್ನು ತಂದು ಸೈಟ್ ಎಕ್ಸ್‌ನಲ್ಲಿ ಬಿಟ್ಟರು. ಅಲ್ಲಿಂದಲೇ ತಂದದ್ದಕ್ಕೆ ಕಾರಣವಿತ್ತು. ಅಲ್ಲಿ ಚಿಟ್ಟೆ ಸಾಕಷ್ಟಿತ್ತು, ಅದು ಹೊರಬರುವ ಕಾಲವೂ ಇಂಗ್ಲೆಂಡಿನ ಥೈಮ್ ಮೊಗ್ಗಿಗೆ ಹೊಂದುತ್ತಿತ್ತು. ದಿನಗಳ ಲೆಕ್ಕ ತಪ್ಪಿದರೆ ಮೊಟ್ಟೆ ಇಡಲು ಮೊಗ್ಗೇ ಇರುವುದಿಲ್ಲ.

ಆಮೇಲಿನದು ನಿಧಾನದ ಕಥೆ. ಸಾಮರ್‌ಸೆಟ್‌ನ ಪೋಲ್ಡನ್ ಗುಡ್ಡಗಳಲ್ಲಿ ಜಾಗ ಸಿದ್ಧಮಾಡಿದರು, 1990ರ ದಶಕದಿಂದ ಅಲ್ಲಿ ಚಿಟ್ಟೆ ನೆಲೆಯೂರಿತು. ಎಲ್ಲ ಕಡೆಯೂ ಒಂದೇ ಕ್ರಮ. ವರ್ಷದ ಉಳಿದ ಕಾಲದಲ್ಲಿ ಚೆನ್ನಾಗಿ ಮೇಯಿಸು, ಥೈಮ್ ಹೂ ಬಿಡುವ ಹೊತ್ತಿಗೆ ಜಾನುವಾರು ಹೊರಗೆ. 2019ರಲ್ಲಿ ಗ್ಲಾಸ್ಟರ್‌ಶೈರಿನ ರಾಡ್‌ಬರೋ ಕಾಮನ್ ಎಂಬ ಗೋಮಾಳದಲ್ಲಿ ಸುಮಾರು 1,100 ಮರಿಹುಳು ಬಿಟ್ಟರು. 2020ರ ಬೇಸಿಗೆಯಲ್ಲಿ ಸುಮಾರು 750 ಚಿಟ್ಟೆ ಹಾರಿದವು. ಆ ಗೋಮಾಳ ಈ ಚಿಟ್ಟೆಯನ್ನು ಕಂಡು 150 ವರ್ಷವಾಗಿತ್ತು.

ಈಗಿನ ಸ್ಥಿತಿ ಏನು ಎಂದರೆ, ಯಾವ ಪಟ್ಟಿ ನೋಡುತ್ತೀರಿ ಎಂಬುದರ ಮೇಲೆ ನಿಂತಿದೆ. ಬ್ರಿಟನ್ನಿನ ಕೆಂಪು ಪಟ್ಟಿಯಲ್ಲಿ ತೀವ್ರ ಅಪಾಯದಲ್ಲಿದ್ದ ಚಿಟ್ಟೆ 2022ರಲ್ಲಿ 'ಅಪಾಯದ ಹತ್ತಿರ' ಎಂಬ ಮಟ್ಟಕ್ಕೆ ಬಂತು. 2010ರ ಯುರೋಪ್ ಪಟ್ಟಿಯಲ್ಲಿ ಮಾತ್ರ ಅದು ಅಳಿವಿನಂಚಿನದು. ಅಳಿದೇಹೋಗಿದ್ದ ದೇಶದಲ್ಲಿ ಏರುತ್ತಿದೆ, ಇದ್ದ ಕಡೆ ಇಳಿಯುತ್ತಿದೆ. ಮೇಯಿಸುವುದನ್ನು ಬಿಟ್ಟ ಗುಡ್ಡಗಳು ಅಲ್ಲೂ ಇವೆಯಲ್ಲ.

ಇದರಿಂದ ಏನು ತೆಗೆದುಕೊಳ್ಳಬಹುದು

'ಎಲ್ಲ ಕಡೆ ಹುಲ್ಲು ಮೇಯಿಸಿ' ಎಂದು ಇದನ್ನು ಓದಿದರೆ ಮತ್ತೆ ಅದೇ ತಪ್ಪು. ಯುರೋಪಿನಲ್ಲೇ ದಕ್ಷಿಣದ ಬಿಸಿ ಜಾಗಗಳಲ್ಲಿ ಹುಲ್ಲು ಇನ್ನೂ ಎತ್ತರ ಇದ್ದರೂ ಸಬುಲೆಟಿ ಬದುಕುತ್ತದೆ, ಯಾಕೆಂದರೆ ಅಲ್ಲಿ ಮಣ್ಣು ಹೇಗೂ ಕಾದಿರುತ್ತದೆ. ಇಂಗ್ಲೆಂಡಿನ ಎರಡು ಸೆಂಟಿಮೀಟರ್ ಅಲ್ಲಿಗೆ ಹೊಂದದು. ಹವಾಮಾನ ಬಿಸಿಯಾದಂತೆ ಇಂಗ್ಲೆಂಡಿನಲ್ಲೂ ಆ ಅಳತೆ ಬದಲಾಗುತ್ತದೆ. ಹೊತ್ತೊಯ್ಯಬೇಕಾದದ್ದು ಅಳತೆಯನ್ನಲ್ಲ, ಅಳೆದ ರೀತಿಯನ್ನು.

ನಮ್ಮ ಕಡೆಗೂ ಇದರ ಎಳೆ ಬರುತ್ತದೆ. ಬೆಂಗಳೂರಿನ ಪಕ್ಕದ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಲೈಲ್ಯಾಕ್ ಸಿಲ್ವರ್‌ಲೈನ್ ಎಂಬ ಅಪರೂಪದ ಚಿಟ್ಟೆಯಿದೆ. ಅದೂ ನೀಲಿ ಚಿಟ್ಟೆಗಳ ಕುಟುಂಬದ್ದೇ. ಅದರ ಮರಿಹುಳುವಿಗೂ ಇರುವೆಗಳ ಜೊತೆ ನಂಟು. ಆ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾಪ 2021ರಲ್ಲಿ ಬಿದ್ದುಹೋಗಿತ್ತು, 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ಒಳ್ಳೆಯ ಸುದ್ದಿ. ಆದರೆ ದೊಡ್ಡ ನೀಲಿಯ ಕಥೆ ಓದಿದವರಿಗೆ ಮೀಸಲು ಎಂಬ ಪದ ಕೇಳಿದ ತಕ್ಷಣ ಕೆಲವು ಪ್ರಶ್ನೆಗಳು ಏಳಬೇಕು. ಅಲ್ಲಿ ಮೇಯುವ ದನ ಕುರಿಗಳ ಗತಿ ಏನು? ಎಷ್ಟು ಮೇಯಬೇಕು? ಆ ಚಿಟ್ಟೆಗೆ ಬೇಕಾದ ಇರುವೆಗೆ ಯಾವ ಬಗೆಯ ನೆಲ ಬೇಕು? ಮತ್ತು ಮುಖ್ಯವಾಗಿ, 'ಖಾಲಿ ಜಾಗ' ಎಂದು ಯಾರಾದರೂ ಸಸಿ ನೆಡಲು ಬಂದರೆ ತಡೆಯುವವರು ಯಾರು?

ಕೊನೆಯದು ಸುಮ್ನೆ ಕೇಳಿದ ಪ್ರಶ್ನೆಯಲ್ಲ. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ, ಎರೆಭೂತಗಳ ಬಯಲಿನಲ್ಲಿ ನೀಲಗಿರಿ ನೆಟ್ಟರು. ಎರೆಭೂತ ಒಂದು ದೊಡ್ಡ ಹಕ್ಕಿ, ಅದಕ್ಕೆ ಬೇಕಾದದ್ದು ದೂರದವರೆಗೆ ಕಾಣುವ ಬಯಲು. ಈಗ ಅಲ್ಲಿ ಎರೆಭೂತವಿಲ್ಲ. ನಮಗೆ ಮರ ಕಂಡರೆ ಕಾಡು, ಹುಲ್ಲು ಕಂಡರೆ ಬಂಜರು. ಇಂಗ್ಲೆಂಡಿನವರಿಗೆ ಬೇಲಿ ಹೇಗೋ ನಮಗೆ ಸಸಿ ಹಾಗೆ.

ಪ್ರಕರಣದ ದಾಖಲೆಯಲ್ಲಿ ಇನ್ನೊಂದು ಪುಟ ಉಳಿದಿದೆ. ಸಂಗ್ರಾಹಕರು ಮುಖ್ಯ ಕಾರಣವಲ್ಲ ಎಂದು ಲೆಕ್ಕ ತೋರಿಸಿತು ನಿಜ. ಆದರೆ ಅವರು ಎಲ್ಲೂ ಹೋಗಿರಲಿಲ್ಲ. ಚಿಟ್ಟೆ ಮರಳಿದ ಮೇಲೆ ಒಬ್ಬ ವ್ಯಕ್ತಿ ಪುಟ್ಟ ಬಲೆ ಹಿಡಿದು ಮೀಸಲಿನ ಬೇಲಿ ಹಾರುವುದನ್ನು ಜನ ನೋಡಿದರು. ಮನೆ ಹುಡುಕಿದಾಗ ಸೂಜಿ ಚುಚ್ಚಿದ ದೊಡ್ಡ ನೀಲಿಗಳು ಸಿಕ್ಕವು. ಚೀಟಿಗಳಲ್ಲಿ ಕೆಲವಕ್ಕೆ 'ಸಿಎಚ್', ಕೆಲವಕ್ಕೆ 'ಡಿಬಿ' ಎಂದು ಬರೆದಿತ್ತು. ಕಾಲರ್ಡ್ ಹಿಲ್, ಡೇನ್‌ವೇ ಬ್ಯಾಂಕ್ಸ್ ಎಂಬ ಎರಡು ನೆಲೆಗಳ ಮೊದಲಕ್ಷರಗಳಲ್ಲವೇ ಎಂದು ಕೇಳಿದರೆ, ಅಲ್ಲ, ಅದು ಚಿಟ್ಟೆಯ ಬಣ್ಣ, ಕೋಬಾಲ್ಟ್ ಹ್ಯೂ, ಡಾರ್ಕ್ ಬ್ಲೂ ಎಂದನಂತೆ. ನ್ಯಾಯಾಲಯ ನಂಬಲಿಲ್ಲ. 2017ರಲ್ಲಿ ಆರು ತಿಂಗಳ ಶಿಕ್ಷೆ ವಿಧಿಸಿ, ಅಮಾನತಿನಲ್ಲಿಟ್ಟಿತು.